ಮೂವತ್ತೊಂದನೇ ಬ್ಯಾಚಿನ ಡೊಕ್ಸು

ಪ್ಯೊ ಡೊಕ್ಸು ಹೈಸ್ಕೂಲು ಪಾಸಾದದ್ದು ಅರವತ್ತು ದಾಟಿದ ಮೇಲೆ. ಅವನು ಪರೀಕ್ಷೆ ಬರೆಯಲಿಲ್ಲ, ಪುಸ್ತಕ ಮುಟ್ಟಲಿಲ್ಲ. ಒಂದು ಜಾಕೀಟು ತೊಟ್ಟ, ಅಷ್ಟೆ.

ಕೊರಿಯಾದ ದಕ್ಷಿಣದ ಗುಡ್ಡಗಳ ನಡುವಿನ ಡೊಲ್ಗೊಲ್ ಎಂಬ ಹಳ್ಳಿಯ ಈ ಮನುಷ್ಯ ನಿಜವಾಗಿ ಓದಿದ್ದು ಹಳ್ಳದಾಚೆಯ ಪ್ರಾಥಮಿಕ ಶಾಲೆಯಲ್ಲಿ ಮಾತ್ರ. ಅದು ಮುಗಿದ ವರ್ಷ ಅವನಪ್ಪ ಒಂದು ಎತ್ತು ತಂದು ಕೊಟ್ಟಿಗೆಯಲ್ಲಿ ಕಟ್ಟಿ, ಅದರ ಹಗ್ಗವನ್ನು ಮಗನ ಕೈಗಿಟ್ಟ. ಅಲ್ಲಿಗೆ ವಿದ್ಯಾಭ್ಯಾಸ ಸಮಾಪ್ತಿಯಾಯಿತು. ಡೊಕ್ಸುವಿಗೂ ಅದರಿಂದ ವ್ಯಸನವಾಗಲಿಲ್ಲ. ಎತ್ತು ಲೆಕ್ಕ ಕೇಳುತ್ತಿರಲಿಲ್ಲ.

ಜಾಕೀಟು ಬಂದದ್ದು ಹೆಂಡತಿಯ ತಮ್ಮನಿಂದ. ಆತ ತಾಲೂಕು ಪಟ್ಟಣದಲ್ಲಿ ಬಟ್ಟೆಯ ಮೇಲೆ ಅಕ್ಷರ ಅಚ್ಚು ಹಾಕುವ ಅಂಗಡಿ ಇಟ್ಟಿದ್ದ. ಚೊಂಗ್ಯಾ ಕೃಷಿ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಕ್ರೀಡಾಕೂಟಕ್ಕೆ ಹೊಲಿಸಿದ ಜಾಕೀಟುಗಳಲ್ಲಿ ಒಂದು ಹೆಚ್ಚಾಗಿ ಉಳಿಯಿತು. ಭಾವನ ಹೊಟ್ಟೆಗೆ ಸರಿಹೋಗುತ್ತದೆಂದು ತಂದುಕೊಟ್ಟ. ನೇರಳೆ ಬಣ್ಣ, ಒಳಗೆ ದಪ್ಪ ಹತ್ತಿ, ಬೆನ್ನ ಮೇಲೆ ಬಂಗಾರದ ಅಕ್ಷರಗಳಲ್ಲಿ ಶಾಲೆಯ ಹೆಸರು, ಅದರ ಕೆಳಗೆ ಇನ್ನೂ ದೊಡ್ಡದಾಗಿ, ಮೂವತ್ತೊಂದನೇ ಬ್ಯಾಚು. ಅದುವರೆಗೆ ಡೊಕ್ಸು ತೊಟ್ಟ ಬಟ್ಟೆಗಳಲ್ಲಿ ಅಕ್ಷರವಿದ್ದದ್ದೆಂದರೆ ಗೊಬ್ಬರದ ಕಂಪನಿಯವರು ಹಂಚಿದ ಟೋಪಿಯ ಮೇಲೆ ಮಾತ್ರ.

ಆ ಸೀಮೆಯಲ್ಲಿ ಇಬ್ಬರು ಗಂಡಸರು ಮೊದಲ ಸಲ ಎದುರಾದರೆ ವಯಸ್ಸು, ಶಾಲೆ, ಬ್ಯಾಚು ಈ ಮೂರೂ ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ಯಾರು ಯಾರಿಗೆ ಎಷ್ಟು ಬಗ್ಗಬೇಕೆಂದು ತಿಳಿಯದೆ ಇಬ್ಬರ ಸೊಂಟವೂ ನಡುದಾರಿಯಲ್ಲೇ ನಿಂತುಬಿಡುತ್ತದೆ. ಇತ್ಯರ್ಥವಾದ ಮೇಲೆ ಹಿರಿಯ ಬ್ಯಾಚಿನವನು ಅಣ್ಣ, ಕಿರಿಯ ಬ್ಯಾಚಿನವನು ತಮ್ಮ. ಒಡಹುಟ್ಟಿದವರು ಆಸ್ತಿಗಾಗಿ ಹೊಡೆದಾಡಿಯಾರು, ಈ ಅಣ್ಣತಮ್ಮಂದಿರು ಹೊಡೆದಾಡುವುದಿಲ್ಲ. ತಮ್ಮನಾದವನು ಅಣ್ಣನನ್ನು ನೀವು ನಿಜವಾಗಿ ಆ ಶಾಲೆಯಲ್ಲಿ ಓದಿದ್ದೀರಾ ಎಂದು ಕೇಳುವುದು, ಹೆತ್ತಪ್ಪನ ಮುಂದೆ ನಿಂತು ಮದುವೆಯ ಫೋಟೋ ತೋರಿಸು ಎಂದಂತೆ. ಯಾರೂ ಕೇಳುವುದಿಲ್ಲ.

ಹೀಗಾಗಿ ಜಾಕೀಟು ತೊಟ್ಟ ಮೊದಲ ದಿನವೇ ಬಸ್ಸಿನ ಡ್ರೈವರು ಎದ್ದು ನಿಂತು ಬಗ್ಗಿ, ಅಣ್ಣಾ ಮುಂದಿನ ಸೀಟಿನಲ್ಲಿ ಕೂತ್ಕೊಳ್ಳಿ, ಅಲ್ಲಿ ಹೀಟರು ಚೆನ್ನಾಗಿ ಬರುತ್ತೆ ಎಂದ. ಡೊಕ್ಸು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಕೂತ. ಹೀಟರು ಚೆನ್ನಾಗಿಯೇ ಬರುತ್ತಿತ್ತು. ಪಟ್ಟಣದ ಶಾವಿಗೆ ಅಂಗಡಿಯಲ್ಲಿ ಪಕ್ಕದ ಮೇಜಿನ ಅಪರಿಚಿತನೊಬ್ಬ ಇವನ ಬಟ್ಟಲಿನ ದುಡ್ಡನ್ನೂ ತಾನೇ ಕೊಟ್ಟು, ಅಣ್ಣಾವ್ರು ಆರೋಗ್ಯ ನೋಡ್ಕೊಳ್ಳಿ ಎಂದು ಹೊರಟುಹೋದ. ಡೊಕ್ಸು ಬಾಯಿಬಿಟ್ಟು ಸುಳ್ಳಾಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಅವನು ಹೂಂ ಎಂದ, ಅಷ್ಟೆ. ಹೂಂ ಎನ್ನುವುದಕ್ಕೆ ಯಾವ ಶಾಲೆಗೂ ಹೋಗಬೇಕಾಗಿಲ್ಲ.

ಜಾಕೀಟನ್ನು ಅವನು ಆಮೇಲೆ ಹಟ್ಟಿ ಗುಡಿಸುವಾಗಲೂ ಬಿಚ್ಚಲಿಲ್ಲ.

ಅಕ್ಟೋಬರ್ ಬಂತು. ಸೂರಿನಡಿ ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣುಗಳು ಒಣಗಲೆಂದು ಸಾಲಾಗಿ ತೂಗಾಡತೊಡಗಿದವು. ಆ ದಿನಗಳಲ್ಲಿ ಹೋಬಳಿ ಕಚೇರಿಯವರು ಚಳಿಗಾಲದ ಬೆಂಕಿ ಕಾವಲಿಗೆ ಜನ ತೆಗೆದುಕೊಳ್ಳುತ್ತಾರೆ. ಒಂದೊಂದು ಗುಡ್ಡಕ್ಕೆ ಒಬ್ಬ ಕಾವಲುಗಾರ. ಕೆಂಪು ಅಂಗಿ ತೊಟ್ಟು, ಬೆನ್ನಿಗೆ ನೀರಿನ ಪಂಪು ಹೊತ್ತು ಮೇಲೆ ಹತ್ತಿ, ಕಾವಲು ಗೂಡಿನಲ್ಲಿ ಕೂತು, ಎಲ್ಲಾದರೂ ಹೊಗೆ ಎದ್ದರೆ ಹೇಳಬೇಕು. ಗದ್ದೆಯ ಕೆಲಸ ಮುಗಿದು ಕೈ ಖಾಲಿಯಾದ ಹಳ್ಳಿಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವಿರಲಿಲ್ಲ. ಡೊಲ್ಗೊಲ್ ಹಿಂದಿನ ಗುಡ್ಡದ ಆ ಜಾಗ ಈ ಸಲ ಖಾಲಿಯಿತ್ತು.

ಅದರ ಮೇಲೆ ಕಣ್ಣಿಟ್ಟವನು ಡೊಕ್ಸುವಿನ ಪಕ್ಕದ ಮನೆಯ ಗ್ವಾಕ್ ಸಂಗ್ಚೊಲ್. ವರ್ಷಾನುಗಟ್ಟಲೆ ಗುತ್ತಿಗೆಗೆ ಮಾಡುತ್ತಿದ್ದ ಮೆಣಸಿನಕಾಯಿ ಹೊಲವನ್ನು ಅದರ ಯಜಮಾನ ಕಿತ್ತುಕೊಂಡು ಬಿಸಿಲಿನಿಂದ ಕರೆಂಟು ತೆಗೆಯುವ ಹಲಗೆಗಳನ್ನು ನೆಟ್ಟುಬಿಟ್ಟಿದ್ದ. ಸಂಗ್ಚೊಲ್‌ನಿಗೆ ಆ ಚಳಿಗಾಲ ಮಾಡಲು ಇದೊಂದೇ ಕೆಲಸ. ಇದು ಸಿಗದಿದ್ದರೆ ಮಗನಿರುವ ಬೂಸಾನಿಗೆ ಹೋಗಿ, ಅಪಾರ್ಟ್‌ಮೆಂಟಿನ ಬಾಗಿಲ ಕಾವಲು ಕಾಯುವುದು, ಇಲ್ಲಿಯ ಮನೆಗೆ ಬೀಗ. ಅದಕ್ಕೇ ಬೇಸಿಗೆಯಿಂದಲೂ ಅವನು ಚೀಲದಲ್ಲಿ ಕಲ್ಲು ತುಂಬಿಕೊಂಡು ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದ. ಪಂಪು ಹೊತ್ತು ಓಡುವ ಪರೀಕ್ಷೆಯಿತ್ತು. ಊರೆಲ್ಲ ಅವನು ಹತ್ತುವುದನ್ನು ನೋಡಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು.

ಡೊಕ್ಸು ಅರ್ಜಿ ಹಾಕಿದ್ದು ಸಂಗ್ಚೊಲ್ ಎಳೆದದ್ದಕ್ಕೆ. ಒಬ್ಬನೇ ಹೋಗೋಕೆ ಬೇಜಾರು, ನೀನೂ ಬಾರೋ, ನೀನು ಕೊನೇಲಿ ಬರೋದನ್ನ ನೋಡಿದ್ರೆ ನನಗೆ ಹುಮ್ಮಸ್ಸು ಬರುತ್ತೆ ಎಂದು ಅವನು ಗೋಡೆಯ ಮೇಲಿನಿಂದ ಹೇಳಿದ್ದ. ಆ ಗೋಡೆಯ ಮೇಲಿನಿಂದ ಇಬ್ಬರೂ ನಲವತ್ತು ವರ್ಷಗಳಿಂದ ಕತ್ತೆ, ಕೋಣ ಎಂದೇ ಕರೆದುಕೊಂಡು ಬಂದವರು. ಡೊಕ್ಸುವಿನ ಹೆಂಡತಿಗೂ ಒಪ್ಪಿಗೆಯಾಯಿತು. ಊರವರೆಲ್ಲ ಯೊನ್ಹಿ ಅಮ್ಮ ಎಂದು ಮಗಳ ಹೆಸರಿನಿಂದಲೇ ಕರೆಯುವ ಆಕೆಗೆ, ಗಂಡ ಚಳಿಗಾಲವಿಡೀ ಕೆಳಗಿನಿಂದ ಕಾಯಿಸಿದ ಬೆಚ್ಚನೆಯ ನೆಲಕ್ಕೆ ಬೆನ್ನು ಹಚ್ಚಿ ಮಲಗುವುದನ್ನು ನೋಡಿ ಸಾಕಾಗಿತ್ತು. ಒಂದು ದಿನವಾದರೂ ಓಡಲಿ ಎಂದಳು.

ಪರೀಕ್ಷೆಯ ದಿನ ಮುಂಜಾನೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಮೈದಾನದಲ್ಲಿ ಹೋಬಳಿ ಕಚೇರಿಯ ಹಾಮ್ ಸಾಹೇಬರು ಕೈಯಲ್ಲಿ ಓಟದ ಹೊತ್ತು ಅಳೆಯುವ ಗಡಿಯಾರ ಹಿಡಿದು ನಿಂತಿದ್ದರು. ಅರಣ್ಯದ ವಿಷಯವೆಲ್ಲ ಅವರ ಕೈಯಲ್ಲಿತ್ತು. ಸೀಟಿ ಊದಿದರು. ಸಂಗ್ಚೊಲ್ ಹೋದ. ಅವನು ಹೋದನೆಂಬುದು ಉಳಿದವರಿಗೆ ಗೊತ್ತಾಗುವಷ್ಟರಲ್ಲಿ ತಿರುವಿನಲ್ಲಿದ್ದ. ಡೊಕ್ಸು ಮೊದಲ ಸುತ್ತಿನಲ್ಲೇ ಪಂಪಿನ ಭಾರಕ್ಕೆ ಹಿಂದಕ್ಕೆ ವಾಲಿ, ಗೋಲು ಕಂಬ ಹಿಡಿದು ನಿಂತುಬಿಟ್ಟ. ಪಂಪು ಇಳಿಸಿ, ಸೆಕೆಯಾಗುತ್ತದೆಂದು ಮೇಲೆ ಹಾಕಿದ್ದ ಮಳೆಯಂಗಿ ತೆಗೆದ. ಒಳಗೆ ಜಾಕೀಟಿತ್ತು.

ಬೈಯಲೆಂದು ಹತ್ತಿರ ಬಂದ ಹಾಮ್ ಸಾಹೇಬರು ಆ ಬೆನ್ನನ್ನು ಓದಿದರು. ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಆಮೇಲೆ ಗಡಿಯಾರ ಹಿಡಿದ ಕೈಯನ್ನು ಹಿಂದಕ್ಕೆ ಮರೆಮಾಡಿ ಸೊಂಟ ಬಗ್ಗಿಸಿದರು.

"ಅಣ್ಣಾ, ನಾನು ಮೂವತ್ತೆಂಟನೇ ಬ್ಯಾಚು," ಎಂದರು ಮೆಲ್ಲಗೆ. "ನೀವು ಬರ್ತೀರ ಅಂತ ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ? ಆ ಪಂಪಿನ ಕೆಳಗಡೆ ಒಂದು ನಲ್ಲಿ ಇದೆ. ಅದು ಒಂದೊಂದ್ಸಲ ಅದರಷ್ಟಕ್ಕೇ ಬಿಚ್ಕೊಳ್ಳುತ್ತೆ."

ಹಾಗೆ ಹೇಳಿ ತಾವೇ ಅದನ್ನು ಬಿಚ್ಚಿದರು. ಡೊಕ್ಸು ಬಿಟ್ಟ ಕಣ್ಣು ಬಿಟ್ಟಂತೆಯೇ ಮುಂದೆ ನಡೆದ. ಹಿಂದೆ ನೀರು ಸೋರುತ್ತ ಬಂತು. ಹಗುರಾದ ಹಾಗೆಲ್ಲ ಅವನ ನಡಿಗೆಗೆ ಸ್ವಲ್ಪ ಜೀವ ಬಂದು, ಕೊನೆಯಲ್ಲಿ ಓಟವೆಂದು ಸರ್ಕಾರ ಒಪ್ಪಬಹುದಾದಂಥ ಒಂದು ಚಲನೆ ಅವನಲ್ಲಿ ಕಾಣಿಸಿತು. ಸೇರಬೇಕಾದ ಗೆರೆ ಸೇರಿದಾಗ ಉಳಿದವರೆಲ್ಲ ಚಹಾ ಕುಡಿದು ಲೋಟ ತೊಳೆಯುತ್ತಿದ್ದರು.

ಆಮೇಲೆ ಸಂದರ್ಶನ. ಸಂಗ್ಚೊಲ್ ಗಾಳಿಯ ದಿಕ್ಕು, ಒಣ ಎಲೆ, ಗೋರಿಗಳ ಬಳಿ ಧೂಪ ಹಚ್ಚುವವರ ಉಪದ್ರವ, ಎಲ್ಲವನ್ನೂ ವಿವರವಾಗಿ ಹೇಳಿ ಬಂದ. ಡೊಕ್ಸುವನ್ನು, ಬೆಂಕಿ ಕಂಡರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು. ಓಡ್ತೀನಿ ಎಂದ. ಯಾವ ಕಡೆಗೆ ಎಂದು ಒಬ್ಬ ಕೇಳಹೊರಟಾಗ ಹಾಮ್ ಸಾಹೇಬರು ಅವನನ್ನು ತಡೆದು, ಚುರುಕುತನ ಮುಖ್ಯ, ಈ ವಯಸ್ಸಿನಲ್ಲಿ ಓಡ್ತೀನಿ ಅನ್ನೋರು ಎಷ್ಟು ಜನ ಸಿಗ್ತಾರೆ ಎಂದರು.

ಮೂರನೆಯ ದಿನ ಬೆಳಿಗ್ಗೆ ಊರ ಮುಖ್ಯಸ್ಥ ಟಾಕ್ ಎಂದಿನಂತೆ ಧ್ವನಿವರ್ಧಕದಲ್ಲಿ ಎರಡು ಸಲ ಕೆಮ್ಮಿ ಸುದ್ದಿ ಓದಿದ. ಈರುಳ್ಳಿಯ ಸಸಿ ಬಂದಿದೆ, ಮುದುಕರ ಚಾವಡಿಯ ಬಾಯ್ಲರು ರಿಪೇರಿಯಾಗಿದೆ. ಹಿಂದಿನ ಗುಡ್ಡದ ಬೆಂಕಿ ಕಾವಲಿಗೆ ನಮ್ಮೂರಿನ ಎಂದು ಶುರುಮಾಡಿ, ಮುಂದಿನ ಹೆಸರು ನೋಡಿ, ಮತ್ತೆ ಕೆಮ್ಮಿದ. ಈ ಕೆಮ್ಮು ಎಂದಿನ ಕೆಮ್ಮಾಗಿರಲಿಲ್ಲ. ಪ್ಯೊ ಡೊಕ್ಸು ಎಂದ. ಧ್ವನಿವರ್ಧಕ ಕೊಂಯ್ ಎಂದು ಕೂಗಿ ಸುಮ್ಮನಾಯಿತು.

ಹಟ್ಟಿಗಳಲ್ಲಿ ಗುಡಿಸುತ್ತಿದ್ದವರು ಗುಡಿಸುವುದನ್ನು ನಿಲ್ಲಿಸಿದರು. ಬಚ್ಚಲಲ್ಲಿದ್ದ ಡೊಕ್ಸು ಬಾಯಿ ಮುಕ್ಕಳಿಸಿದ ನೀರನ್ನು ಉಗಿಯಲು ಮರೆತು ನುಂಗಿಬಿಟ್ಟ. ಯೊನ್ಹಿ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಕೇಳಿಸಿತೇ ಎಂದಳು. ಕೇಳಿಸಿತು ಎಂದ. ನಿಮ್ಮ ಹೆಸರೇ ಅಲ್ವಾ ಎಂದಳು. ಈ ಊರಲ್ಲಿ ಇನ್ನೊಬ್ಬ ಡೊಕ್ಸು ಇದ್ದಾನಾ ಎಂದು ಅವನು ಅವಳನ್ನೇ ಕೇಳಿದ.

ಗೋಡೆಯಾಚೆ ಸಂಗ್ಚೊಲ್ ಸೌದೆ ಒಡೆಯುತ್ತಿದ್ದ. ಕೊಡಲಿಯ ಸದ್ದು ನಿಂತಿತ್ತು. ಡೊಕ್ಸು ಗೋಡೆಯ ಹತ್ತಿರ ಹೋಗಿ, ಲೋ ಕೋಣ, ಇದರಲ್ಲಿ ಏನೋ ತಪ್ಪಾಗಿದೆ, ನಾನು ಹೋಗಿ ಕೇಳಿ ಬರ್ತೀನಿ ಎಂದ. ಸಂಗ್ಚೊಲ್ ಕೊಡಲಿಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಅವನತ್ತ ತಿರುಗಿ ನೆಟ್ಟಗೆ ನಿಂತ.

"ಅಭಿನಂದನೆ. ತಮಗೆ ಒಳ್ಳೇದಾಗಲಿ," ಎಂದ.

ತಮಗೆ. ನಲವತ್ತು ವರ್ಷಗಳಲ್ಲಿ ಆ ಗೋಡೆ ಎಂಥೆಂಥ ಮಾತು ಕೇಳಿತ್ತು, ಈ ಮಾತು ಕೇಳಿರಲಿಲ್ಲ. ಡೊಕ್ಸುವಿಗೆ ಯಾರೋ ಕೊಡಲಿಯ ಹಿಂಬದಿಯಿಂದ ಎದೆಗೆ ಗುದ್ದಿದಂತಾಯಿತು.

ಅವನು ಅಂದೇ ಹೋಬಳಿ ಕಚೇರಿಗೆ ಹೋದ. ಹಾಮ್ ಸಾಹೇಬರು ಎದ್ದು ಬಂದು ಕಾಫಿ ತರಿಸಿದರು. ಅಣ್ಣ ಯಾಕೆ ಇಲ್ಲೀವರೆಗೆ ಬಂದಿರಿ, ಫೋನು ಮಾಡಿದ್ದರೆ ಸಾಕಿತ್ತು ಎಂದರು. ಡೊಕ್ಸು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ.

"ನೋಡಿ, ನಾನು ಆ ಸ್ಕೂಲಿನ ಗೇಟು ದಾಟಿದೋನೇ ಅಲ್ಲ."

ಹಾಮ್ ಸಾಹೇಬರು ಸುತ್ತಲಿನವರಿಗೂ ಕೇಳಿಸುವಂತೆ ನಕ್ಕರು. "ಗೊತ್ತು ಬಿಡಣ್ಣಾ. ನಿಮ್ಮ ಬ್ಯಾಚಿನೋರೆಲ್ಲ ಗೋಡೆ ಹಾರಿ ಬರ್ತಿದ್ದೋರೇ ಅಂತ ನಮ್ಮ ಮೇಷ್ಟ್ರು ಹೇಳ್ತಾನೇ ಇದ್ರು."

ಕಚೇರಿಯೆಲ್ಲ ನಕ್ಕಿತು. ಮೂಲೆಯಲ್ಲಿದ್ದ ತೆರಿಗೆಯವನೂ, ಮುದ್ರೆ ಒತ್ತುವವನೂ, ಹೋಬಳಿಯ ಮುಖ್ಯ ಅಧಿಕಾರಿಯೂ ಎದ್ದು ಬಂದು ಒಬ್ಬೊಬ್ಬರಾಗಿ ತಮ್ಮ ತಮ್ಮ ಬ್ಯಾಚು ಹೇಳಿ ಬಗ್ಗಿದರು. ಆ ಕಚೇರಿಯಲ್ಲಿ ಆ ಶಾಲೆಯಲ್ಲಿ ಓದದೆ ಇದ್ದದ್ದು ಗೋಡೆಯ ಗಡಿಯಾರವೊಂದೇ ಎಂದು ಕಾಣುತ್ತದೆ. ಡೊಕ್ಸು ಮತ್ತೂ ಬಿಡದೆ, ಓಟದಲ್ಲಿ ಮೊದಲು ಬಂದವನು ಸಂಗ್ಚೊಲ್, ಕೆಲಸ ಅವನದು ಎಂದ. ಮುಖ್ಯ ಅಧಿಕಾರಿಗಳ ಕಣ್ಣು ತೇವವಾಯಿತು. ಸೋತವನ ಬಗ್ಗೆ ಇಷ್ಟು ಮರುಗುವ ದೊಡ್ಡತನ ಯಾವ ಶಾಲೆ ಕಲಿಸುತ್ತದೆ, ನಮ್ಮ ಶಾಲೆ ಬಿಟ್ಟು, ಎಂದು ಹಾಮ್ ಸಾಹೇಬರ ಬೆನ್ನು ತಟ್ಟಿದರು. ಡೊಕ್ಸುವನ್ನು ಸರ್ಕಾರಿ ಜೀಪಿನಲ್ಲಿ ಮನೆಗೆ ಕಳಿಸಿಕೊಟ್ಟರು.

ನವೆಂಬರಿನಲ್ಲಿ ಅವನು ಗುಡ್ಡ ಹತ್ತತೊಡಗಿದ. ಹತ್ತುತ್ತಿದ್ದ ಎನ್ನುವುದಕ್ಕಿಂತ ಗುಡ್ಡದ ಕಡೆಗೆ ಮನೆಯಿಂದ ಹೊರಡುತ್ತಿದ್ದ ಎಂದರೆ ಸರಿ. ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಬಂಡೆಯಿತ್ತು, ಅಲ್ಲಿಂದಲೂ ಕಾಡಿನ ಬಹುಭಾಗ ಕಾಣುತ್ತಿತ್ತು.

ಹತ್ತಿದ ಮೊದಲ ವಾರದಲ್ಲೇ ಊರ ಬಾಗಿಲಲ್ಲಿ, ಎರಡು ಕಂಬಗಳ ನಡುವೆ, ರಸ್ತೆಯ ಅಗಲಕ್ಕೂ ಒಂದು ಬಟ್ಟೆಯ ಫಲಕ ಕಟ್ಟಿತ್ತು. ಮಕ್ಕಳು ಜಡ್ಜಿಯಾದಾಗ, ಡಾಕ್ಟರಾದಾಗ ಕಟ್ಟುವಂಥದು. ಚೊಂಗ್ಯಾ ಕೃಷಿ ಹೈಸ್ಕೂಲಿನ ಮೂವತ್ತೊಂದನೇ ಬ್ಯಾಚಿನ ಹೆಮ್ಮೆಯ ಪ್ಯೊ ಡೊಕ್ಸು ಅವರು ಬೆಂಕಿ ಕಾವಲಿಗೆ ನೇಮಕವಾದದ್ದಕ್ಕೆ ಸಮಸ್ತ ಹಳೆಯ ವಿದ್ಯಾರ್ಥಿಗಳ ಹಾರ್ದಿಕ ಅಭಿನಂದನೆ.

ಯೊನ್ಹಿ ಅಮ್ಮ ಎಲೆಕೋಸಿನ ಗಾಡಿ ನಿಲ್ಲಿಸಿ ಅದನ್ನು ಎರಡು ಸಲ ಓದಿಕೊಂಡು ಮನೆಗೆ ಬಂದಳು. ಗಂಡನ ಮುಂದೆ ಕೂತಳು.

"ಇಷ್ಟು ವರ್ಷ ಸಂಸಾರ ಮಾಡಿದೀನಿ. ನೀವು ಹೈಸ್ಕೂಲು ಓದಿರೋದು ಇವತ್ತು ರಸ್ತೇಲಿ ಗೊತ್ತಾಯ್ತು," ಎಂದಳು. "ಇನ್ನೇನೇನು ಮುಚ್ಚಿಟ್ಟಿದೀರ ಹೇಳಿಬಿಡಿ. ಬೇರೆ ಕಡೆ ಮನೆಗಿನೆ ಇದೆಯಾ?"

ನಿನ್ನ ತಮ್ಮ ಕೊಟ್ಟ ಜಾಕೀಟು ಕಣೇ ಇದಕ್ಕೆಲ್ಲ ಕಾರಣ ಎಂದು ಅವನು ಮೊದಲಿನಿಂದ ಹೇಳಿದ. ಆಕೆ ಕೇಳಿ, ಬಾಯಿಗೆ ಹಿಡಿಯಲು ಸೆರಗಿಲ್ಲದ್ದರಿಂದ ಕೈಯನ್ನೇ ಇಟ್ಟುಕೊಂಡಳು. ಆಮೇಲೆ, ಹೋಗಿ ಮುಖ್ಯಸ್ಥರಿಗೆ ಹೇಳಿ ಬನ್ನಿ ಎಂದಳು.

ಮುಖ್ಯಸ್ಥ ಟಾಕ್ ಕೇಳಿದವನೇ ಎದ್ದು ಬಾಗಿಲು ಹಾಕಿದ. ಧ್ವನಿವರ್ಧಕದ ಗುಂಡಿ ಆರಿಸಿದೆಯೇ ಎಂದು ಮುಟ್ಟಿ ನೋಡಿದ. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದ. ಊರಿನ ಮೋರಿ ಕುಸಿದು ಎಷ್ಟು ಮಳೆಗಾಲವಾಯಿತು, ನಾನು ಎಷ್ಟು ಅರ್ಜಿ ಕೊಟ್ಟೆ, ಯಾವನಾದರೂ ತಿರುಗಿ ನೋಡಿದನಾ, ಈ ಊರಿನಿಂದ ಆ ಶಾಲೆಗೆ ಹೋದವನು ಒಬ್ಬನೂ ಇಲ್ಲದ್ದಕ್ಕೆ ತಾನೇ, ಈಗ ದೇವರೇ ಒಬ್ಬನನ್ನು ಕೊಟ್ಟಿರುವಾಗ ನೀನು ಯಾರು ಬೇಡ ಅನ್ನೋಕೆ ಎಂದು ಕೇಳಿದ. ಹೋಗುವಾಗ ಮೋರಿಯ ಉದ್ದಗಲ ಬಾಯಿಪಾಠ ಮಾಡಿಸಿ ಕಳಿಸಿದ.

ಆಮೇಲೆ ಡೊಕ್ಸುವಿನ ಮನೆಯ ಬಾಗಿಲು ಮುಚ್ಚಲು ಬಿಡುವಾಗಲಿಲ್ಲ. ಬಾವಿ ತೋಡಿಸಬೇಕಾದವಳು ಎಳ್ಳೆಣ್ಣೆ ತಂದಳು. ಅಳಿಯನನ್ನು ಅಂಚೆ ಕಚೇರಿಗೆ ಸೇರಿಸಬೇಕಾದವನು ಹಣ್ಣಿನ ಬುಟ್ಟಿ ತಂದ. ಡೊಕ್ಸು ಎಲ್ಲರಿಗೂ ನನಗೇನೂ ಆಗುವುದಿಲ್ಲ ಎಂದು ಕೈ ಮುಗಿದ. ದೊಡ್ಡವರು ಹಾಗೇ ಹೇಳುವುದು ಎಂದು ಅವರು ಬುಟ್ಟಿ ಇಟ್ಟು ಹೋದರು. ಒಂದು ಸಂಜೆ ಬಾಗಿಲಲ್ಲಿ ಸಂಗ್ಚೊಲ್‌ನ ಹೆಂಡತಿ ಜಿನ್ಹೊ ಅಮ್ಮ ನಿಂತಿದ್ದಳು. ಅವಳ ಕೈಯಲ್ಲಿ ಹೊಸದಾಗಿ ಹಾಕಿದ ಕಿಮ್ಚಿಯ, ಎಲೆಕೋಸಿನ ಉಪ್ಪಿನಕಾಯಿಯ ಡಬ್ಬಿಯಿತ್ತು. ಪ್ರತಿ ವರ್ಷವೂ ಗೋಡೆಯ ಮೇಲಿನಿಂದ ದಾಟಿ ಬರುತ್ತಿದ್ದ ಕಿಮ್ಚಿ ಈ ಸಲ ಬಟ್ಟೆ ಸುತ್ತಿಸಿಕೊಂಡು ಮುಂಬಾಗಿಲಿಗೆ ಬಂದಿತ್ತು.

ಅವರಿಗೆ ನಾನು ಬಂದದ್ದು ಗೊತ್ತಿಲ್ಲ, ಹೇಳಬೇಡಿ ಎಂದಳು. ಮಗ ಬೂಸಾನಿಗೆ ಬಾ ಎನ್ನುತ್ತಿದ್ದಾನೆ, ಇವರು ಆ ಚೀಲದ ಕಲ್ಲನ್ನು ಇನ್ನೂ ಚೆಲ್ಲಿಲ್ಲ, ದಿನಾ ಅದರ ಮುಂದೆ ಕೂತಿರುತ್ತಾರೆ ಎಂದಳು. ಮುಂದಿನ ವರ್ಷಕ್ಕಾದರೂ ನಿಮ್ಮ ತಮ್ಮಂದಿರಿಗೆ ಒಂದು ಮಾತು ಹೇಳಬಾರದೇ ಎಂದು ಕೇಳುತ್ತ, ಪಕ್ಕದ ಮನೆಯ ಡೊಕ್ಸುವಿಗೆ ಸೊಂಟ ಬಗ್ಗಿಸಿದಳು.

ಆ ರಾತ್ರಿ ಡೊಕ್ಸು ಊಟ ಮಾಡಲಿಲ್ಲ. ಇದು ಅವನ ಜೀವನದಲ್ಲಿ ಮೊದಲ ಸಲ. ಯೊನ್ಹಿ ಅಮ್ಮ ಹೆದರಿ ಅವನ ಹಣೆ ಮುಟ್ಟಿ ನೋಡಿದಳು.

ಹಳೆಯ ವಿದ್ಯಾರ್ಥಿಗಳ ವರ್ಷದ ಕೊನೆಯ ಊಟಕ್ಕೆ ಕರೆ ಬಂದದ್ದು ಡಿಸೆಂಬರಿನಲ್ಲಿ. ಹಾಮ್ ಸಾಹೇಬರೇ ಫೋನು ಮಾಡಿದ್ದರು. ಮೂವತ್ತೊಂದನೇ ಬ್ಯಾಚಿನವರೆಲ್ಲ ಬರುತ್ತಾರೆ ಎಂದು ಸಂತೋಷದ ಸುದ್ದಿಯೆಂಬಂತೆ ಹೇಳಿದರು. ಹೋದರೆ ಸಿಕ್ಕಿಬೀಳುತ್ತೀರಿ ಎಂದಳು ಯೊನ್ಹಿ ಅಮ್ಮ. ಅದಕ್ಕೇ ಹೋಗುವುದು, ನಾನು ಹೇಳಿದರೆ ಯಾರೂ ನಂಬುತ್ತಿಲ್ಲ, ಅವರಾದರೂ ನನ್ನನ್ನು ಗುರುತಿಸದೆ ಕುತ್ತಿಗೆ ಹಿಡಿದು ಹೊರಗೆ ಹಾಕಲಿ ಎಂದ ಡೊಕ್ಸು.

ಪಟ್ಟಣದ ದೊಡ್ಡ ಖಾನಾವಳಿಯಲ್ಲಿ ಮಧ್ಯಾಹ್ನದ ಊಟ. ಮೇಜು ಮೇಜಿಗೂ ಕೆಂಡ, ಕೆಂಡದ ಮೇಲೆ ಮಾಂಸ. ಬ್ಯಾಚಿನ ಪ್ರಕಾರ ಪಂಕ್ತಿ. ಹಾಮ್ ಸಾಹೇಬರು ಡೊಕ್ಸುವಿನ ಕೈ ಹಿಡಿದು ಮೂವತ್ತೊಂದರ ಪಂಕ್ತಿಗೆ ಕರೆದೊಯ್ದು, ಡೊಕ್ಸು ಅಣ್ಣ ಬಂದರು ಎಂದು ಹೇಳಿ ಬಿಟ್ಟರು. ಅಲ್ಲಿದ್ದ ಮುದುಕರು ತಲೆಯೆತ್ತಿ ನೋಡಿದರು. ಡೊಕ್ಸು ಕತ್ತು ತಗ್ಗಿಸಿ, ಹಿಡಿಯಲು ಅನುಕೂಲವಾಗುವಂತೆ ನಿಂತ.

"ಲೋ ಡೊಕ್ಸು," ಎಂದ ಒಬ್ಬ.

ಬಾಂಗ್ ಇನ್ಸು ಎಂಬ ದಪ್ಪ ಮನುಷ್ಯ ಅವನು. ಗೋಡೆಗೆ ಕೈ ಕೊಟ್ಟು, ಎರಡು ಮೊಣಕಾಲಿಗೂ ಅಪ್ಪಣೆ ಕೇಳಿ ಎದ್ದು ಬಂದು ಡೊಕ್ಸುವನ್ನು ತಬ್ಬಿಕೊಂಡ. ಹಿಂದಿನ ಬೆಂಚು, ಚಳಿ ಕಾಯಿಸುವ ಒಲೆ ಪಕ್ಕ, ನನ್ನ ಬುತ್ತಿಯ ಮೊಟ್ಟೆ ದಿನಾ ಕದ್ದು ತಿನ್ನುತ್ತಿದ್ದ ಕಳ್ಳ ಇವನೇ ಎಂದು ಎಲ್ಲರಿಗೂ ತೋರಿಸಿದ. ಅಷ್ಟು ಹೇಳಿದ್ದೇ ತಡ, ಉಳಿದವರಿಗೂ ನೆನಪು ಬಂತು. ತಾನೊಬ್ಬನೇ ಜೊತೆಯಲ್ಲಿ ಓದಿದವನನ್ನು ಮರೆತೆನೆಂದು ಒಪ್ಪಿಕೊಳ್ಳಲು ಅಲ್ಲಿ ಯಾರೂ ತಯಾರಿರಲಿಲ್ಲ. ಒಬ್ಬನಿಗೆ ಇವನು ಹಂದಿ ಗೂಡಿಗೆ ಬಿದ್ದದ್ದು ನೆನಪಾಯಿತು. ಇನ್ನೊಬ್ಬನಿಗೆ ಇವನು ಅಂಬಲಿ ಅಂಗಡಿಯ ಹುಡುಗಿಗೆ ಬರೆದ ಪದ್ಯದ ಎರಡು ಸಾಲು ನೆನಪಾಯಿತು, ಹೇಳಿಯೂ ತೋರಿಸಿದ. ಡೊಕ್ಸು ಒಬ್ಬೊಬ್ಬರ ಮುಖ ನೋಡುತ್ತ ಕೂತ. ಒಂದು ಗಳಿಗೆ ಅವನಿಗೇ ಅನುಮಾನ ಬಂತು, ಆ ಎತ್ತು ಕನಸೇನೋ, ತಾನು ಮೊಟ್ಟೆ ಕದ್ದದ್ದೇ ನಿಜವೇನೋ ಎಂದು.

ಆಗ ಹೋಬಳಿಯ ಮುಖ್ಯ ಅಧಿಕಾರಿ ಬಟ್ಟಲು ಎತ್ತಿ ಎದ್ದು, ಈ ವರ್ಷ ನಮ್ಮವರಿಗೆ ದೊರೆತ ಹುದ್ದೆಗಳನ್ನೆಲ್ಲ ಸ್ಮರಿಸಿ, ಕೊನೆಯಲ್ಲಿ, ವಿನಯವೇ ಮೂರ್ತಿವೆತ್ತಂತಿರುವ ಡೊಕ್ಸು ಅಣ್ಣನವರು ಎರಡು ಮಾತಾಡಬೇಕು ಎಂದರು. ಚಪ್ಪಾಳೆ ಬಿತ್ತು. ಡೊಕ್ಸು ಎದ್ದ. ಅವನಿಗೆ ಜಿನ್ಹೊ ಅಮ್ಮನ ಬಗ್ಗಿದ ತಲೆಯ ಬೈತಲೆಯೇ ಕಣ್ಣ ಮುಂದೆ ಇತ್ತು. ಅವನು ಜಾಕೀಟಿನ ಗುಂಡಿ ಬಿಚ್ಚಿ, ಅದನ್ನು ತೆಗೆದು, ಮಡಿಸಿ, ಮೇಜಿನ ಮೇಲೆ ಇಟ್ಟ.

"ಇದು ನನ್ನ ಭಾವಮೈದನ ಅಂಗಡೀಲಿ ಉಳಿದಿದ್ದು," ಎಂದ. "ನಾನು ಓದಿದ್ದು ಆರನೇ ಕ್ಲಾಸು. ಆಮೇಲೆ ಎತ್ತು ಕಾಯ್ದೆ. ನಿಮ್ಮ ಪೈಕಿ ಯಾರ ಮುಖಾನೂ ನಾನು ಕಂಡೋನಲ್ಲ."

ಕೆಂಡದ ಮೇಲಿನ ಮಾಂಸ ಚುರುಗುಟ್ಟಿತು. ಅದನ್ನು ಮಗುಚಬೇಕೆಂಬುದು ಯಾರಿಗೂ ತೋಚಲಿಲ್ಲ. ಹೊಗೆ ಎದ್ದಿತು. ಬೆಂಕಿ ಕಾವಲಿನ ಮನುಷ್ಯ ಅದನ್ನು ನೋಡುತ್ತ ನಿಂತಿದ್ದ. ಹಾಮ್ ಸಾಹೇಬರ ಬಾಯಿ ತೆರೆದೇ ಇತ್ತು. ಕೊನೆಗೆ ಕೇಳಿದವನು ಬಾಂಗ್ ಇನ್ಸು.

"ಹಾಗಾದ್ರೆ ನನ್ನ ಮೊಟ್ಟೆ ತಿಂದೋನು ಯಾರು?"

ಯಾರೂ ನಗಲಿಲ್ಲ. ಅಲ್ಲಿ ನಡೆದದ್ದು ನಗುವಂಥದಾಗಿರಲಿಲ್ಲ, ಅನ್ಯಾಯವಾಗಿತ್ತು. ನಮ್ಮ ಕಣ್ಣೆದುರಿಗೇ ಇಂಥದ್ದು ನಡೆದುಹೋಯಿತಲ್ಲ ಎಂದು ಹಿರಿಯರೊಬ್ಬರು ಕರವಸ್ತ್ರ ತೆಗೆದರು. ಮುಖ್ಯ ಅಧಿಕಾರಿ ಎದೆಯ ಮೇಲೆ ಕೈ ಇಟ್ಟುಕೊಂಡು, ಈ ತಪ್ಪು ನಾಳೆಯೇ ಸರಿಯಾಗುತ್ತದೆ, ಆ ಕೆಲಸ ಯಾರಿಗೆ ನ್ಯಾಯವಾಗಿ ಸೇರಬೇಕೋ ಅವರಿಗೇ ಸೇರುತ್ತದೆ, ಇದು ನನ್ನ ಮಾತು ಎಂದು ಗದ್ಗದಿತರಾದರು.

ಡೊಕ್ಸು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಊರಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಅಂಗಿಯಲ್ಲೇ ನಡುಗುತ್ತ ಕೂತು ಬಂದ. ಇಳಿದವನು ತನ್ನ ಮನೆಗೆ ಹೋಗದೆ ನೇರವಾಗಿ ಸಂಗ್ಚೊಲ್‌ನ ಅಂಗಳಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಸಂಗ್ಚೊಲ್ ಮೊದಲು ನಂಬಲಿಲ್ಲ. ಅಧಿಕಾರಿಯೇ ಹೇಳಿದರಾ ಎಂದು ಕೇಳಿದ. ಅವರೇ. ನ್ಯಾಯವಾಗಿ ಅಂದರಾ. ನ್ಯಾಯವಾಗಿ ಅಂದರು, ಎದೆ ಮೇಲೆ ಕೈ ಇಟ್ಟಿದ್ದರು. ಸಂಗ್ಚೊಲ್ ಒಳಗೆ ಹೋಗಿ ನೀರು ಕುಡಿದು ಬಂದ. ಜಿನ್ಹೊ ಅಮ್ಮ ಮಗನಿಗೆ ಫೋನು ಮಾಡಿ, ನಾವು ಬರುವುದಿಲ್ಲ ಎಂದಳು. ಬೆಳಗಾಗುತ್ತಲೇ ಒಂದು ಕೋಳಿಯ ಹೊಟ್ಟೆಗೆ ಅಕ್ಕಿ, ಬೆಳ್ಳುಳ್ಳಿ ತುಂಬಿ ಬೇಯಿಸಲಿಟ್ಟಳು. ಮುಖ್ಯಸ್ಥ ಟಾಕ್ ಮೋರಿಯ ಆಸೆ ಬಿಟ್ಟು, ಧ್ವನಿವರ್ಧಕದಲ್ಲಿ ಎರಡು ಸಲ ಕೆಮ್ಮಿ, ಗ್ವಾಕ್ ಸಂಗ್ಚೊಲ್‌ಗೆ ನ್ಯಾಯ ಸಿಕ್ಕ ಬಗ್ಗೆ ಊರಿಗೆಲ್ಲ ತಿಳಿಸಿ, ಎಲ್ಲರೂ ಅಂಗಳಕ್ಕೆ ಬರಬೇಕೆಂದು ಕರೆದ. ಎಲ್ಲರೂ ಬಂದರು. ಸಂಗ್ಚೊಲ್ ಮದುವೆಯಲ್ಲಿ ಹಾಕಿದ ಕೋಟು ಹಾಕಿಕೊಂಡು ನಿಂತ.

ಹೋಬಳಿಯ ಜೀಪು ಬಂತು. ಅಂಗಳದ ಮುಂದೆ ಬಂದು, ನಿಲ್ಲದೆ, ಇನ್ನಷ್ಟು ಮುಂದೆ ಹೋಗಿ, ಗುಡ್ಡದ ದಾರಿ ಶುರುವಾಗುವಲ್ಲಿ ನಿಂತಿತು. ಹಾಮ್ ಸಾಹೇಬರು ಇಳಿದು ಇನ್ನೊಂದು ಬಾಗಿಲು ತೆರೆದರು. ಅಲ್ಲಿಂದ ಮೊದಲು ಒಂದು ಊರುಗೋಲು ಬಂತು. ಅದರ ಹಿಂದೆ ಒಂದು ಕಾಲು, ಬಹಳ ಹೊತ್ತಾದ ಮೇಲೆ ಇನ್ನೊಂದು ಕಾಲು, ಕೊನೆಯಲ್ಲಿ ಹೊಚ್ಚ ಹೊಸ ಕೆಂಪು ಅಂಗಿಯೊಳಗೆ ಬಾಂಗ್ ಇನ್ಸು.

ಊರು ಗರಬಡಿದಂತೆ ನಿಂತಿತು. ಹಾಮ್ ಸಾಹೇಬರು ಪಂಪನ್ನು ನೆಲಕ್ಕಿಳಿಸಿ, ಯಾರ ಕಣ್ಣನ್ನೂ ನೋಡದೆ ಜೀಪು ಹತ್ತಿ ಹೊರಟುಹೋದರು. ನ್ಯಾಯ ಎಂದರಲ್ಲ ಎಂದು ಡೊಕ್ಸು ಗೊಣಗಿದ. ಅವರು ಮಾತು ತಪ್ಪಿರಲಿಲ್ಲ. ಅವರ ಪಾಲಿನ ನ್ಯಾಯ ಮೂವತ್ತೊಂದನೇ ಬ್ಯಾಚಿನ ಜಾಗ ಮೂವತ್ತೊಂದನೇ ಬ್ಯಾಚಿಗೇ ಸೇರುವುದು. ಅದು ಸೇರಿತ್ತು.

ಬಾಂಗ್ ಇನ್ಸು ಗುಡ್ಡವನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದ. ಆಮೇಲೆ ಜನರ ಕಡೆ ತಿರುಗಿ, ಈ ಪಂಪು ಮೇಲಕ್ಕೆ ಹೋಗಬೇಕಲ್ಲ, ಈ ಊರಲ್ಲಿ ನಮ್ಮ ಸ್ಕೂಲಿನೋರು ಯಾರಾದ್ರೂ ಇದ್ದೀರಾ ಎಂದು ಕೇಳಿದ.

ಮುಖ್ಯಸ್ಥ ಟಾಕ್ ಎರಡು ಹೆಜ್ಜೆ ಮುಂದಿಟ್ಟ. ಮೋರಿಯ ಉದ್ದಗಲ ಅವನ ಮುಖದಲ್ಲಿ ಮತ್ತೆ ಮೂಡುತ್ತಿತ್ತು. ಅವನ ಹಿಂದೆ ಎಳ್ಳೆಣ್ಣೆಯವಳು, ಅವಳ ಹಿಂದೆ ಹಣ್ಣಿನ ಬುಟ್ಟಿಯವನು. ಜಿನ್ಹೊ ಅಮ್ಮನೂ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಹಬೆಯಾಡುತ್ತಿದ್ದ ಕೋಳಿಯ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಬಂದಳು. ಮುಂದಿನ ವರ್ಷವೂ ಇದೆಯಲ್ಲ ಎಂದು ಮೆಲ್ಲಗೆ ಅಂದುಕೊಳ್ಳುತ್ತ ಕೆಂಪು ಅಂಗಿಯ ಕಡೆ ನಡೆದಳು.

ಸಂಗ್ಚೊಲ್ ಅಡ್ಡ ಬಂದ. ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡ.

"ನಿಮ್ಮ ಸ್ಕೂಲಿನೋರು ಯಾರೂ ಇಲ್ಲ ಸ್ವಾಮ್ಯೋರೆ," ಎಂದ ಬಾಂಗ್ ಇನ್ಸುವಿಗೆ. "ಈ ಊರಲ್ಲಿ ಕಾಲಿರೋರು ಮಾತ್ರ ಇರೋದು. ದಾರಿ ನೆಟ್ಟಗೇ ಹೋಗುತ್ತೆ, ಹತ್ತಿ."

ಆಮೇಲೆ ಗುಂಪಿನ ಹಿಂದೆ, ಅಂಗಿಯಲ್ಲೇ ನಡುಗುತ್ತ ನಿಂತಿದ್ದವನ ಕಡೆ ತಿರುಗಿದ.

"ಬಾರೋ ಕತ್ತೆ," ಎಂದ. "ಕೋಳಿ ಆರಿ ಹೋಗುತ್ತೆ."